ಒಂದು ಹಲ್ಲು ಹೆಚ್ಚು

ಮೂರು ಹಲ್ಲಿನ ಬಾಚಣಿಗೆಯಂಥ ಅಕ್ಷರ ಬಲಕ್ಕೆ ತಿರುಗಿದೆ, ಅದರ ಕೆಳಗಿನದು ಎಡಕ್ಕೆ, ಅದಕ್ಕೂ ಕೆಳಗಿನದು ನೆಲಕ್ಕೆ ಮುಖ ಹಾಕಿದೆ, ಓದು ಬಾರದವರಿಗೆಂದೇ ಮಾಡಿಸಿದ ಪಟ, ಹಲ್ಲು ಯಾವ ಕಡೆಗಿದೆ ಕೈಲಿ ತೋರ್ಸಜ್ಜಿ ಎನ್ನುತ್ತಿದ್ದಾಳೆ ನರ್ಸು, ಅಜ್ಜಿ ಎಲ್ಲದಕ್ಕೂ ಸೂರನ್ನೇ ತೋರಿಸುತ್ತಿದ್ದಾಳೆ, ಬೆಂಚಿನ ಮೇಲಿದ್ದವರೆಲ್ಲ ನಗುತ್ತಿದ್ದಾರೆ, ಚಿಕ್ಕಬೈರಪ್ಪನೂ ನಗಲೆಂದು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ — ಹಲ್ಲು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಈಚೆಗೆ ನಗು ಅರ್ಧಕ್ಕೇ ನಿಲ್ಲುತ್ತದೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇಲ್ಲಿ ಯಾರೂ ಕಳ್ಳ ಎಂದೂ ಅನ್ನಲಿಲ್ಲ, ಆದರೂ ಕೈ ಹೆಗಲಿಗೆ ಹೋಗುತ್ತದೆ. ರಾಜಗೋಪಾಲನಗರದ ಈ ಶಾಲೆಯಲ್ಲಿ ಇವತ್ತು ಬಿಟ್ಟಿ ಕಣ್ಣಿನ ತಪಾಸಣೆ, ಭಾನುವಾರ, ಕರಿಹಲಗೆಯ ಮೇಲೆ ನಿನ್ನೆಯ ಮಗ್ಗಿ ಅರ್ಧ ಅಳಿಸಿ ಹೋಗಿದೆ, ಅದನ್ನೂ ನೋಡಬಾರದು, ಮಗ್ಗಿಯಲ್ಲಿ ಬಾರದ ಸಂಖ್ಯೆಗಳು ನೆನಪಾಗುತ್ತವೆ. ಪಕ್ಕದಲ್ಲಿ ಪಾಪಯ್ಯಣ್ಣ, ಕಣ್ಣಿಗೆ ಔಷಧಿ ಬಿಟ್ಟು ಕೂರಿಸಿದ್ದಾರೆ, ರೆಪ್ಪೆಯ ಅಂಚಿನಿಂದ ಒಂದು ಹನಿ ಕೆನ್ನೆಗಿಳಿದಿದೆ, ನೋಡಿದವರಿಗೆ ಅಳುತ್ತಿದ್ದಾನೆ ಅನ್ನಿಸಬೇಕು, ಬೈರಾ ಇದ್ದೀಯೇನಪ್ಪ ಎನ್ನುತ್ತಾನೆ, ಇದೀನಣ್ಣ, ಎಲ್ಲಾ ಬೆಳ್ಳಗೆ ಮಂಜು ಮಂಜು ಕಣ್ಲಾ, ನೀನು ಓಗ್ಬುಟ್ಟೀಯ ಅಂತ, ಎಲ್ಲಿಗೋಗ್ಲಣ್ಣ ಇಲ್ಲೇ ಇದೀನಿ. ಎಲ್ಲಿಗೆ ಹೋಗಲಿ. ಪಾಪಯ್ಯಣ್ಣನ ಬೆರಳು ಚಿಕ್ಕಬೈರಪ್ಪನ ಅಂಗಿಯ ತುದಿಯನ್ನು ಹಿಡಿದುಕೊಂಡಿದೆ, ಇದೇ ಬೆರಳು ಗೇರು ಕೊರೆಯುವ ಮಿಲ್ಲಿಂಗ್ ಮಿಷಿನ್ನಿನ ಮುಂದೆ ಮೊದಲ ಸಲ ನಿಂತಾಗ ಇವನ ಮೊಣಕೈ ಹಿಡಿದು ಅಲ್ಲಲ್ಲ ಮಗಾ, ಕೊರೆಯೋ ಕಟ್ಟರ್ ಹತ್ರ ಬಂದಾಗ ಉಸ್ರು ಬಿಡ್ಬಾರ್ದು ಅಂದಿತ್ತು. ಈಗ ಪಾಪಯ್ಯಣ್ಣನಿಗೆ ತನ್ನ ಕಣ್ಣು ಕೈಕೊಟ್ಟಿದೆ ಎಂಬ ಭಯ, ಚಿಕ್ಕಬೈರಪ್ಪನಿಗೆ ಆ ಕಣ್ಣಿಗೆ ಏನೂ ಆಗಿಲ್ಲ ಎಂದು ಗೊತ್ತು, ಗೊತ್ತಿದ್ದೂ ಬೆಳಗ್ಗೆ ಅವನನ್ನು ಮನೆಯಿಂದ ಕರೆದುಕೊಂಡು ಬಂದ, ರಾಮಕ್ಕ ಬಾಗಿಲಲ್ಲಿ ನಿಂತು ನೀನು ಜತೇಲಿದ್ರೆ ನಂಗೆ ಧೈರ್ಯ ಕಣಪ್ಪ ಬೈರಣ್ಣ ಅಂದಳು, ಗಂಡನಿಗೆ ಒಗೆದ ಪಂಚೆ ಉಡಿಸಿ ಕಳಿಸಿದ್ದಳು, ಆಗಲೂ ಇವನು ತಲೆ ಆಡಿಸಿದ. ಒಬ್ಬ ಮನುಷ್ಯನಿಗೆ ಇಷ್ಟು ಸಲ ತಲೆ ಆಡಿಸಲು ಸಾಧ್ಯ ಎಂದು ಅವನಿಗೇ ಗೊತ್ತಿರಲಿಲ್ಲ.

ಮೊದಲು ಪೀಣ್ಯದ ಶೆಡ್ಡಿಗೆ ಆ ಮೆಟಡೋರು ವ್ಯಾನು ಬಂತು, ಅತ್ತಿಬೆಲೆಯ ಗಿರಾಕಿಯಿಂದ, ಗೋಣಿತಟ್ಟಿನಲ್ಲಿ ಸುತ್ತಿ ಕಳಿಸಿದ್ದ ಉದ್ದುದ್ದ ಸ್ಕ್ರೂಗಳೆಲ್ಲ ವಾಪಸು, ಕೈಪ್ರೆಸ್ಸಿನ ಸ್ಕ್ರೂಗಳು, ತೋಳುದ್ದ ಇರುತ್ತವೆ, ಪಾಪಯ್ಯಣ್ಣ ಒಂದೊಂದನ್ನೂ ಲೇತಿನ ಮೇಲೆ ಮಗು ತೊಳೆದ ಹಾಗೆ ಎಣ್ಣೆ ಸುರಿದು ಸುರಿದು ತಿರುವಿದ್ದು, ಜತೆಗೆ ಅವರದೇ ಗನ್‌ಮೆಟಲ್ ನಟ್ಟೊಂದನ್ನು ಕಳಿಸಿದ್ದರು, ಹಾಕಿ ನೋಡಿ ಅಂತ. ಶೆಡ್ಡಿನ ಯಜಮಾನ ಆವಲಪ್ಪ ಚಿಕ್ಕಪ್ಪ ಬಾಗಿಲಲ್ಲೇ ನಿಂತು ನಟ್ಟು ಏರಿಸಿದ, ಏರಿತು, ಸಲೀಸಾಗಿ ಏರಿತು, ಎಲ್ಲರ ಮುಖದಲ್ಲೂ ಬೆಳಕು, ಆಮೇಲೆ ನಿಂತಿತು, ನಟ್ಟಿನ ಅರ್ಧದವರೆಗೆ ಹೋಗಿ ನಿಂತಿತು, ಚಿಕ್ಕಪ್ಪ ತಿರುಗಿಸಿದ ಬಗ್ಗಲಿಲ್ಲ, ಜತೆ ಕೆಲಸದ ರಾಮಾಂಜಿನಪ್ಪ ತಿರುಗಿಸಿದ ಬಗ್ಗಲಿಲ್ಲ, ಪಾಪಯ್ಯಣ್ಣ ಎಣ್ಣೆ ಬಿಟ್ಟು ದೇವರಿಗೆ ಕೈಮುಗಿದಂತೆ ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದ, ನಟ್ಟು ಅರ್ಧಕ್ಕೇ ನಿಂತಿತ್ತು. ಪಾಪಯ್ಯ, ಈ ಲೇತು ನಿನ್ ಕೈಯಲ್ಲಿ ಮಾತಾಡ್ತದೆ ಅಂತಿದ್ನಲ್ಲೋ, ಕಣ್ಣು ಎಲ್ಲಿಟ್ಕೊಂಡಿದ್ದೆ — ಚಿಕ್ಕಪ್ಪ ಕೂಗಿದ್ದು ಕೋಪದಿಂದಲ್ಲ, ಹೆದರಿಕೆಯಿಂದ, ಅತ್ತಿಬೆಲೆಯವರು ಇನ್ನು ಈ ಕಡೆ ತಲೆ ಹಾಕಲಾರರು ಎಂಬ ಹೆದರಿಕೆ, ಆದರೆ ಪಾಪಯ್ಯಣ್ಣ ಮಾತನ್ನು ಮಾತಿನಂತೆಯೇ ತೆಗೆದುಕೊಂಡ, ಕಣ್ಣೇ ಕಣಪ್ಪ, ಅದೇ ಇರ್ಬೇಕು, ಕಣ್ಣೇ ಮೋಸ ಮಾಡ್ತಾ ಐತೆ. ಆಗ ಚಿಕ್ಕಬೈರಪ್ಪ ಎಲ್ಲಿದ್ದ? ತನ್ನ ಮಿಷಿನ್ನಿನ ಹಿಂದೆ, ಕೈಯಲ್ಲಿ ಬನಿಯನ್ ವೇಸ್ಟಿನ ಚಿಂದಿ, ಒರೆಸಿ ಆಗಿದ್ದ ಟೇಬಲ್ಲನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ, ಹಾಲು ಕದ್ದು ಕುಡಿಯುವ ಬೆಕ್ಕು ಕಣ್ಣು ಮುಚ್ಚಿಕೊಂಡಂತೆ, ನಟ್ಟು ನಿಂತ ಆ ಕ್ಷಣದಲ್ಲೇ ಅವನಿಗೆ ಎಲ್ಲ ಗೊತ್ತಾಗಿತ್ತು, ಲೆಕ್ಕ ತಾನಾಗಿಯೇ ತಲೆಯೊಳಗೆ ಬಿಡಿಸಿಕೊಂಡಿತ್ತು, ನೂರು ಮಿಲಿಮೀಟರಿಗೆ ಮುಕ್ಕಾಲು ಮಿಲಿಮೀಟರು ಮೋಸ, ಮೊದಲೆರಡು ಸುತ್ತಿನಲ್ಲಿ ಯಾರಿಗೂ ಕಾಣದು, ಅಳತೆ ನೋಡುವ ಗಿಡ್ಡ ಗೇಜು ಹಾಕಿದರೆ ಸರಿಯಾಗೇ ಕೂರುತ್ತದೆ, ಸುತ್ತು ಹೆಚ್ಚಿದಂತೆ ಮೋಸವೂ ಕೂಡುತ್ತ ಕೂಡುತ್ತ ಹೋಗಿ ನಟ್ಟಿನ ಎದೆಗೆ ಒತ್ತಿ ನಿಲ್ಲುತ್ತದೆ. ಆಗ ಹೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು, ಚಿಕ್ಕಪ್ಪಾ ತಪ್ಪು ಪಾಪಯ್ಯಣ್ಣಂದಲ್ಲ, ಗೇರಿಂದು, ನಂದು. ಚಿಕ್ಕಪ್ಪ ಬೈಯುತ್ತಿದ್ದ, ಎರಡು ದಿನ ಮುಖ ಊದಿಸಿಕೊಳ್ಳುತ್ತಿದ್ದ, ಅಣ್ಣನ ಮಗನನ್ನು ಕೆಲಸದಿಂದ ತೆಗೆಯುತ್ತಿರಲಿಲ್ಲ, ಹೋಗುತ್ತಿದ್ದುದು ಬರೀ ಮರ್ಯಾದೆ, ಲೆಕ್ಕದ ಬೈರ ಎಂಬ ಹೆಸರು, ಅಷ್ಟಕ್ಕೆ ಬಾಯಿ ಕಟ್ಟಿತು. ಸ್ವಲ್ಪ ದಿನ ಮನೇಲಿರು ಪಾಪಯ್ಯ, ಕಣ್ಣು ತೋರಿಸ್ಕೋ, ಆಮೇಲೆ ನೋಡೋಣ ಅಂದ ಚಿಕ್ಕಪ್ಪ, ಆಮೇಲೆ ನೋಡೋಣ ಎಂಬ ಮಾತಿಗೆ ಪೀಣ್ಯದಲ್ಲಿ ಏನರ್ಥ ಎಂದು ಗೊತ್ತಿಲ್ಲದವರಾರು, ಆಗಲೇ ಯಾರೋ ಮುನಿಯಣ್ಣನ ಹೆಸರು ಎತ್ತಿದ್ದರು, ವಯಸ್ಸಿನ ಹುಡುಗ, ಲೇತು ಚೆನ್ನಾಗಿ ಓಡಿಸ್ತಾನಂತೆ. ತಾನು ತಿಂದು ಮೇಕೆಯ ಬಾಯಿಗೆ ಒರೆಸುವುದು ಅಂದರೆ ಇದೇ, ಮೇಕೆಯೂ ನಾನೇ ತಿಂದಿರಬೇಕು ಎಂದು ನಂಬಿಬಿಟ್ಟಿದೆ.

ಮುಂದಕ್ಕೆ ಜರುಗ್ರೀ ಎನ್ನುತ್ತಿದ್ದಾರೆ, ಒಬ್ಬರ ಸರದಿ ಮುಗಿಯಿತು, ಬೆಂಚಿನುದ್ದಕ್ಕೂ ಎಲ್ಲರೂ ಒಂದೊಂದು ಕುಂಡೆ ಸರಿದರು, ಪಾಪಯ್ಯಣ್ಣ ಅಂಗಿಯ ತುದಿ ಬಿಡದೆ ಸರಿದ. ನೂರ ಎಪ್ಪತ್ತು, ನೂರ ನಲವತ್ತೊಂದು, ನೂರ ಎಂಬತ್ತಮೂರು, ನಾನೂರ ಅರವತ್ತು, ನಾನೂರ ಅರವತ್ತೊಂಬತ್ತು — ಹೆದರಿಕೆಯಾದಾಗ ಬೇರೆಯವರು ಆಂಜನೇಯನ ದಂಡಕ ಹೇಳಿಕೊಳ್ಳುತ್ತಾರೆ, ಇವನು ಇದನ್ನು ಹೇಳಿಕೊಳ್ಳುತ್ತಾನೆ, ಕಾಲೇಜಿನ ದಿನದಿಂದ ಬಂದ ಚಾಳಿ, ಇನ್ನೂರ ಮೂವತ್ತೊಂದು, ಏಳುನೂರ ಮೂವತ್ತೊಂದು. ಗಣಿತದ ಮೇಡಂ ಈ ಸಂಖ್ಯೆಯನ್ನು ಕಪ್ಪು ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಬರೆದಿದ್ದರು, ಮೂವತ್ತೊಂಬತ್ತು ಅಂಕಿ, ಸೆರಗಿಗೆ ಸೀಮೆಸುಣ್ಣ ಮೆತ್ತಿತ್ತು, ಇದನ್ನ ಯಾವುದ್ರಿಂದಲೂ ಭಾಗಿಸೋಕೆ ಆಗಲ್ಲ ಕಣ್ರೋ, ಒಂದರಿಂದ ಬಿಟ್ರೆ, ತನ್ನಿಂದ ತಾನೇ ಬಿಟ್ರೆ, ಯಂತ್ರ ಗಿಂತ್ರ ಇಲ್ಲದ ಕಾಲದಲ್ಲಿ ಒಬ್ಬ ಮನುಷ್ಯ ಕೂತು ಕೈಯಲ್ಲಿ ಲೆಕ್ಕ ಹಾಕಿ ಇದು ಅವಿಭಾಜ್ಯ ಅಂತ ತೋರಿಸ್ದ, ಮುಕ್ಕಾಲು ಶತಮಾನ ಇದಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಅದರ ಗುಟ್ಟು ಬಿಚ್ಚಿದರು, ಎರಡನ್ನು ಎರಡರಿಂದ ಗುಣಿಸುತ್ತ ಹೋಗಿ, ನೂರಿಪ್ಪತ್ತೇಳು ಎರಡುಗಳು, ಬಂದದ್ದರಲ್ಲಿ ಒಂದು ಕಳೆಯಿರಿ, ಇದೇ ಸಂಖ್ಯೆ. ಆ ನೂರಿಪ್ಪತ್ತೇಳು ತಾನೇ ಏನು? ಅದೂ ಅವಿಭಾಜ್ಯ, ಅದೂ ಹೀಗೇ ಹುಟ್ಟಿದ್ದು, ಏಳು ಎರಡುಗಳನ್ನು ಗುಣಿಸಿದರೆ ನೂರಿಪ್ಪತ್ತೆಂಟು, ಒಂದು ಕಳೆದರೆ ನೂರಿಪ್ಪತ್ತೇಳು, ಚಿಕ್ಕದು ದೊಡ್ಡದಕ್ಕೆ ತಾಯಿ. ಚಿಕ್ಕಬೈರಪ್ಪ ಆವತ್ತು ಬಸ್ಸಿನಲ್ಲಿ ನಿಂತುಕೊಂಡೇ ನೂರಿಪ್ಪತ್ತೇಳನ್ನು ಪರೀಕ್ಷೆ ಮಾಡಿದ್ದ, ಎರಡು ಹೋಗದು, ಮೂರು ಹೋಗದು, ಐದು, ಏಳು, ಹನ್ನೊಂದು ಯಾವುದೂ ಹೋಗದು, ಹದಿಮೂರನ್ನು ಕೇಳಬೇಕಾಗಿಲ್ಲ, ಹದಿಮೂರು ಹದಿಮೂರಲೆ ನೂರ ಅರವತ್ತೊಂಬತ್ತು ಆಗಲೇ ಮೀರಿತು, ಅಲ್ಲಿಗೆ ಮುಗಿಯಿತು, ಯಾರಿಗೂ ಬಗ್ಗದ ಸಂಖ್ಯೆ, ಯಶವಂತಪುರ ಸರ್ಕಲ್ಲಿನಲ್ಲಿ ಇಳಿಯುವಾಗ ಮದುವೆ ಗೊತ್ತಾದವನ ಹಾಗೆ ಒಬ್ಬನೇ ನಗುತ್ತಿದ್ದ. ಆ ಓದು ಎರಡನೇ ವರ್ಷಕ್ಕೇ ನಿಂತಿತು, ಅಪ್ಪ ಹೋದ, ಹೊಲ ಕಾರ್ಖಾನೆಗಳಿಗೆ ಹೋಯಿತು, ಹೊಲ ಕೊಟ್ಟವರಿಗೆಂದು ಸಿಕ್ಕ ಜಾಗದಲ್ಲಿ ಚಿಕ್ಕಪ್ಪ ಶೆಡ್ಡು ಹಾಕಿದ, ಓದಿದ್ದು ಸಾಕು ಬಾರ್ಲಾ, ಲೆಕ್ಕ ಬಲ್ಲೋನು ನಮ್ಮ ಮನೇಲೇ ಒಬ್ಬ ಇರ್ಲಿ. ಬಂದ. ಬಂದ ಮೇಲೆ ಆ ನೂರಿಪ್ಪತ್ತೇಳೂ ಹಿಂದೆಯೇ ಹುಡುಕಿಕೊಂಡು ಬಂತಲ್ಲ, ಅದೇ ಅವನಿಗೆ ದೊಡ್ಡ ಬೆರಗು. ಚಿಕ್ಕಪ್ಪನ ಹಳೇ ಲೇತು ಇಂಚಿನ ಕಾಲದ್ದು, ಅದರ ಒಳಗಿನ ಸ್ಕ್ರೂ ಇಂಚಿಗೆ ಹೊಂದಿಸಿದ್ದು, ಈಗಿನ ಕೆಲಸವೆಲ್ಲ ಮಿಲಿಮೀಟರು, ಇಂಚಿನ ಲೇತಿನಲ್ಲಿ ಮಿಲಿಮೀಟರಿನ ಮರೆ, ಅಂದರೆ ಸ್ಕ್ರೂವಿನ ಮೈಮೇಲಿನ ಸುತ್ತುಗೆರೆ, ಕೊರೆಯಬೇಕಾದರೆ ನಡುವೆ ನೂರಿಪ್ಪತ್ತೇಳು ಹಲ್ಲಿನ ಒಂದು ಗೇರು ಕೂರಿಸಲೇಬೇಕು, ಯಾಕೆಂದರೆ ಐದು ಇಂಚು ಅಂದರೆ ಸರಿಯಾಗಿ ನೂರಿಪ್ಪತ್ತೇಳು ಮಿಲಿಮೀಟರು, ಕೂದಲೆಳೆ ಹೆಚ್ಚಿಲ್ಲ ಕಮ್ಮಿಯಿಲ್ಲ, ಬೇರೆ ಹಲ್ಲಿನ ಲೆಕ್ಕವಾದರೆ ಸಣ್ಣ ಸಣ್ಣ ಗೇರು ಜೋಡಿಸಿ ಹೇಗೋ ಹೊಂದಿಸಬಹುದು, ಇದು ಒಡೆಯದ ಸಂಖ್ಯೆ, ತುಂಡು ಮಾಡಿ ಹಂಚಿಕೊಳ್ಳಲು ಬಾರದು, ಇಡಿಯಾಗಿ ಒಂದೇ ಗೇರಿನಲ್ಲಿ ಕೊರೆಯಬೇಕು. ಊರಿಗೆ ಒಂದು ದಾರಿಯಾದರೆ ಇದಕ್ಕೇ ಒಂದು ದಾರಿ. ನಾನು ಮಾಡ್ತೀನಿ ಚಿಕ್ಕಪ್ಪ ಅಂದಾಗ ಅವನ ಎದೆ ಉಬ್ಬಿತ್ತು.

ಮಾಡಿದ, ಆಯುಧಪೂಜೆಯ ಹಿಂದಿನ ಸಂಜೆ. ಶೆಡ್ಡು ತೊಳೆದಿದ್ದರು, ಸಿಮೆಂಟಿನ ನೆಲದಲ್ಲಿ ಸೀಮೆಎಣ್ಣೆಯ ವಾಸನೆ, ಲೇತು, ಡ್ರಿಲ್ಲು, ಗ್ರೈಂಡರು ಎಲ್ಲಕ್ಕೂ ವಿಭೂತಿ ಪಟ್ಟೆ ಎಳೆದಾಗಿತ್ತು, ಮಿಲ್ಲಿಂಗ್ ಮಿಷಿನ್ನು ಒಂದೇ ಬಾಕಿ, ಅದೊಂದು ಗೇರ್ ಕಟ್ ಮಾಡ್ಬಿಡೋ ಬೈರಾ, ಹಬ್ಬ ಮುಗಿದೇಟ್ಗೆ ಅತ್ತಿಬೆಲೆ ಕೆಲ್ಸ ಶುರು ಮಾಡ್ಬೇಕು, ಆಮೇಲೆ ಮಿಷಿನ್ ಒರ್ಸಿ ಪೂಜೆಗೆ ಬಿಡು ಅಂದ ಚಿಕ್ಕಪ್ಪ. ಹಲ್ಲುಗಳನ್ನು ಸಮನಾಗಿ ಹಂಚಲು ಒಂದು ತಟ್ಟೆ ಇರುತ್ತದೆ, ತಟ್ಟೆಯ ತುಂಬ ಸುತ್ತುಸುತ್ತಾಗಿ ತೂತು, ಒಂದು ಹಿಡಿ, ಹಿಡಿಯ ಮೊಳೆಯನ್ನು ಇಷ್ಟು ತೂತು ದಾಟಿಸಿ ಒಂದು ಹಲ್ಲು ಕೊರೆ, ಮತ್ತೆ ಅಷ್ಟೇ ದಾಟಿಸು, ಮತ್ತೊಂದು ಹಲ್ಲು, ನೂರಿಪ್ಪತ್ತೆಂಟು ಬೇಕಾದರೆ ಸುಲಭ, ಹದಿನಾರು ತೂತಿನ ಸುತ್ತಿನಲ್ಲಿ ಐದೈದು ದಾಟಿಸಿದರಾಯಿತು, ಕಣ್ಣು ಮುಚ್ಚಿಕೊಂಡು ಮಾಡಬಹುದು, ನೂರಿಪ್ಪತ್ತೇಳಕ್ಕೆ ಯಾವ ಸುತ್ತೂ ಒಪ್ಪುವುದಿಲ್ಲ, ಯಾರಿಗೂ ಬಗ್ಗದ ಸಂಖ್ಯೆ ತಟ್ಟೆಗೆ ಬಗ್ಗುತ್ತದೆಯೇ, ಅದಕ್ಕೆ ಉಪಾಯ ಅಂದರೆ ಹಿಂದುಗಡೆ ನಾಲ್ಕು ಸಣ್ಣ ಗೇರು ಕಟ್ಟಿ, ಹಿಡಿ ತಿರುಗಿದಾಗಲೆಲ್ಲ ತಟ್ಟೆಯೂ ಒಂದಿಷ್ಟು ಸರಿಯುವ ಹಾಗೆ ಮಾಡುವುದು, ನೂರಿಪ್ಪತ್ತೆಂಟರ ದಾರಿಯಲ್ಲೇ ಹೊರಟು ಹೆಜ್ಜೆಹೆಜ್ಜೆಗೂ ಚೂರು ಸರಿದು ಸರಿದು ನೂರಿಪ್ಪತ್ತೇಳಕ್ಕೆ ಮುಟ್ಟುವುದು. ಅವನಿಗೆ ಅದು ಗೊತ್ತಿತ್ತು, ಯಾವ ನಾಲ್ಕು ಗೇರು ಎಂಬುದೂ ಗೊತ್ತಿತ್ತು, ಊಟದ ಹೊತ್ತಿನಲ್ಲಿ ಸಿಗರೇಟು ಪ್ಯಾಕಿನ ಹಿಂದೆ ಲೆಕ್ಕ ಹಾಕಿ ಆಗಿತ್ತು. ಆದರೆ ಆ ಗೇರುಗಳೆಲ್ಲ ಪೂಜೆಗೆ ಹೋಗಿದ್ದವು. ಮನೆಯ ಹಿರಿಯಳು ಬೈರಮ್ಮಜ್ಜಿ ಅವನ್ನೆಲ್ಲ ತಿಕ್ಕಿ ತೊಳೆದು, ದೊಡ್ಡದರ ಮೇಲೆ ಚಿಕ್ಕದು ಇಟ್ಟು, ಗೌರಿ ಬಾಗಿನದ ಹಾಗೆ ಗೋಪುರ ಮಾಡಿ, ಒಂದೊಂದಕ್ಕೂ ಕುಂಕುಮವಿಟ್ಟು ಸೇವಂತಿಗೆ ಸುತ್ತಿದ್ದಳು, ಅವನು ಕೈ ಚಾಚಿದ, ಪೂಜೆಗಿಟ್ಟದ್ದನ್ನು ಅಜ್ಜಿ ಮುಟ್ಟಗೊಡಲಿಲ್ಲ. ಇಷ್ಟು ದಿನ ತನಗೆ ತಾನೇ ಹೀಗೆ ಹೇಳಿಕೊಂಡು ಬಂದಿದ್ದಾನೆ, ಅಜ್ಜಿ ಮುಟ್ಟಗೊಡಲಿಲ್ಲ — ಸುಳ್ಳು. ಅಜ್ಜಿ ಕೇಳಿದಳು, ಏನ್ಲಾ ಬೈರಾ, ಏನಾರ ಬೇಕಾಗಿತ್ತಾ? ಏನಿಲ್ಲಜ್ಜಿ ಅಂದ. ಬೇಕಾದ್ರೆ ತಗಳ್ಲಾ, ಮತ್ತೆ ತೊಳ್ದು ಇಟ್ರಾಯ್ತು, ಎಂದಳೋ ಇಲ್ಲವೋ, ಎಂದಿರಬೇಕು, ಅಜ್ಜಿ ಹಾಗೆ ಎನ್ನುವವಳೇ, ಅವನು ಆಗಲೇ ಬೆನ್ನು ತಿರುಗಿಸಿದ್ದ. ಯಾಕೆ ಅಂದರೆ ನಾಲ್ಕು ಗೇರು ಕಟ್ಟುವುದು ಬೇಸರದ ಕೆಲಸ, ಬೋಲ್ಟು ಬಿಚ್ಚಬೇಕು ಹಾಕಬೇಕು, ಹೊರಗೆ ಹುರಿಗಡಲೆ ಹಂಚುತ್ತಿದ್ದರು, ರಾಮಾಂಜಿನಪ್ಪ ರೇಡಿಯೋ ಹಾಕಿದ್ದ — ಇದೂ ಪೂರ್ತಿ ನಿಜವಲ್ಲ. ನಿಜ ಏನೆಂದರೆ ಇಲ್ಲಿ ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡ. ಹಲ್ಲು ಎಣಿಸುವವರಾರು. ಒಂದು ಹಲ್ಲು ಹೆಚ್ಚು, ಅಷ್ಟೇ ತಾನೇ. ಅಂದು ಒಬ್ಬನೇ ನಕ್ಕ, ಪುಸ್ತಕ ಓದಿದವನ ನಗು. ಐದು ತೂತು, ಕೊರೆ, ಐದು ತೂತು, ಕೊರೆ, ತಟ್ಟೆ ಇದ್ದಲ್ಲೇ ಇತ್ತು, ಸರಿಯಲಿಲ್ಲ, ಹಲ್ಲುಗಳು ಬೆಳ್ಳಗೆ ಹೊಳೆಯುತ್ತ ಸಾಲಾಗಿ ಹೊರಬಂದವು, ಹಬ್ಬ ಆಗಲಿ, ಆಮೇಲೆ ಸರಿಯಾದ್ದು ಇನ್ನೊಂದು ಕಟ್ ಮಾಡಿದರಾಯಿತು ಅಂದುಕೊಂಡ. ಅಂದುಕೊಂಡವನು ಅಲ್ಲಿಗೆ ನಿಲ್ಲಲಿಲ್ಲ, ಅಂಕಿಯ ಅಚ್ಚುಗಳನ್ನು ತೆಗೆದ, ಒಂದು, ಎರಡು, ಏಳು, ಸುತ್ತಿಗೆಯಿಂದ ಗೇರಿನ ಮೈಮೇಲೆ ಹೊಡೆದ, 127, ಉಕ್ಕಿನಲ್ಲಿ ಬರೆದ ಸುಳ್ಳು. ಒಂದೇ ಒಂದು ಹಲ್ಲು ಸೇರಿದರೆ ಸಾಕು, ಯಾರಿಗೂ ಬಗ್ಗದ ಸಂಖ್ಯೆ ಹೋಗಿ ಎರಡರ ಕಾಲು ಒತ್ತುವ ಸಂಖ್ಯೆಯಾಗುತ್ತದೆ, ಎರಡು, ನಾಲ್ಕು, ಎಂಟು, ಹದಿನಾರು, ಕರೆದವರ ಮನೆಗೆಲ್ಲ ಊಟಕ್ಕೆ ಹೋಗುವ ಸಂಖ್ಯೆ, ಮೇಡಂ ಬರೆದ ಆ ಮೂವತ್ತೊಂಬತ್ತು ಅಂಕಿಗೂ ಅದೇ ಗತಿ, ಕೊನೆಗೆ ಒಂದು ಕೂಡಿದರೆ ಮುಗಿಯಿತು. ಜಗತ್ತಿನಲ್ಲಿ ಯಾರು ತಪ್ಪು ಮಾಡಿದ್ದರೂ ಕ್ಷಮಿಸಬಹುದಿತ್ತು, ಅದನ್ನು ಬಲ್ಲವನೇ, ಅದನ್ನು ಪ್ರೀತಿಸಿದವನೇ ಮಾಡಿದ.

ಹಬ್ಬದ ಮಾರನೇ ದಿನ ಪಾಪಯ್ಯಣ್ಣ ಆ ಗೇರನ್ನು ಲೇತಿಗೆ ಕೂರಿಸಿದ, ಹಲ್ಲಿಗೆ ಹಲ್ಲು ಕೂತು ಸದ್ದಿಲ್ಲದೆ ಓಡಿತು, ಚಿಕ್ಕಪ್ಪ ಅತ್ತಿಬೆಲೆಯಿಂದ ಬಂದಿದ್ದ ಮ್ಯಾನೇಜರನ್ನು ಕರೆತಂದು ತೋರಿಸಿದ, ನಮ್ಮುಡ್ಗ ಕಟ್ ಮಾಡಿದ್ದು ಸಾರ್, ನೂರಿಪ್ಪತ್ತೇಳು ಹಲ್ಲು, ಇಡೀ ಪೀಣ್ಯದಲ್ಲಿ ಯಾರಾದ್ರೂ ಮಾಡ್ಲಿ ನೋಡೋಣ, ಮ್ಯಾನೇಜರು ವೆರಿಗುಡ್ ಅಂದು ಕೈಕುಲುಕಿದ, ಚಿಕ್ಕಬೈರಪ್ಪ ನಕ್ಕ. ಆ ನಗುವನ್ನು ಯಾರಾದರೂ ಈಗ ಮುಖದಿಂದ ಕೆರೆದು ತೆಗೆದರೆ ಎಷ್ಟು ಚೆನ್ನ. ಕೈಕುಲುಕಿಸಿಕೊಂಡ ಮೇಲೆ ಇನ್ನೊಂದು ಗೇರು ಕೊರೆಯುವುದು ಹೇಗೆ, ಯಾಕೋ ಅಂತ ಕೇಳಿದರೆ ಏನು ಹೇಳುವುದು, ನಾಳೆ, ನಾಳಿದ್ದು, ನಾಳೆ ಎಂದವನ ಮನೆ ಹಾಳು, ಹಾಳಾದದ್ದು ತನ್ನ ಮನೆಯಲ್ಲ. ಡಾಕ್ಟರ ಮುಂದೆ ಈಗ ಪಾಪಯ್ಯಣ್ಣ ಕೂತಿದ್ದಾನೆ, ಕೋಣೆಯ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ್ದಾರೆ, ಪುಟ್ಟ ಬೆಳಕೊಂದು ಅವನ ಕಣ್ಣಿನೊಳಗೆ ಹೋಗಿ ಏನನ್ನೋ ಹುಡುಕುತ್ತಿದೆ, ಚಿಕ್ಕಬೈರಪ್ಪ ಗೋಡೆಗೊರಗಿ ನಿಂತು ಉಸಿರು ಹಿಡಿದಿದ್ದಾನೆ, ಏನಾದರೂ ಸಿಗಲಿ, ಪೊರೆಯೋ ಗಿರೆಯೋ, ಒಂದು ಚೂರು — ಛೀ, ಏನಿದು ತಾನು ಬೇಡಿಕೊಳ್ಳುತ್ತಿರುವುದು, ಇನ್ನೊಬ್ಬನ ಕಣ್ಣು ಹಾಳಾಗಿರಲಿ ಎಂದೇ, ಬೇಡಿಕೊಂಡದ್ದು ಹೌದು, ಹಿಂದಕ್ಕೆ ತೆಗೆದುಕೊಳ್ಳಲು ಬಾರದು, ಅದಕ್ಕಿಂತ ಕೆಳಗೆ ಇಳಿಯಲು ಇನ್ನು ಮೆಟ್ಟಿಲಿಲ್ಲ. ಡಾಕ್ಟರು ಬೆಳಕು ಆರಿಸಿದರು. ಏನ್ರೀ ಪಾಪಯ್ಯ, ನಿಮ್ಮ ವಯಸ್ಸಿಗೆ ನಿಮ್ಮ ಕಣ್ಣು ಫಸ್ಟ್ ಕ್ಲಾಸಾಗಿದೆ ಕಣ್ರೀ, ಈಗ ಹಾಕಿರೋ ಕನ್ನಡಕನೇ ಸಾಕು, ನಂಬರೂ ಬದಲಾಯಿಸೋ ಹಾಗಿಲ್ಲ, 'ನೆಕ್ಸ್ಟ್'. ಪಾಪಯ್ಯಣ್ಣ ಏಳಲಿಲ್ಲ. ಸರ್ಯಾಗಿ ನೋಡಿ ಸಾ, ಅಲ್ಲಿಗೆ ಇಲ್ಲಿಗೆ ಏನಾರ ಇದ್ದಾತು, ಎಂದು ಬೇಡುವ ದನಿಯಲ್ಲಿ ಕೇಳುತ್ತಿದ್ದಾನೆ, ಕೈಚೀಲದಿಂದ ತಲೆ ಹೊರಚಾಚಿದ್ದ, ವಾಪಸು ಬಂದ ಸ್ಕ್ರೂಗಳಲ್ಲೊಂದನ್ನು ತೆಗೆದು ಮೇಜಿನ ಮೇಲಿಡುತ್ತಾನೆ, ಇದ್ನ ನೋಡಿ ಸಾ, ಇದ್ರಾಗೆ ಪರೀಕ್ಷೆ ಮಾಡಿ, ನಂಗೆ ಆ ಬಾಚಣಿಗೆ ಪಟ ಬ್ಯಾಡ, ಡಾಕ್ಟರು ನಕ್ಕುಬಿಟ್ಟರು, ನರ್ಸೂ ನಕ್ಕಳು, ಕಣ್ಣು ಚೆನ್ನಾಗಿದೆ ಅಂದರೆ ಬೇಜಾರು ಮಾಡಿಕೊಳ್ಳುವವರನ್ನು ಇವತ್ತೇ ನೋಡಿದ್ದು ಅಂದರು. ಚಿಕ್ಕಬೈರಪ್ಪ ಹೋಗಿ ಸ್ಕ್ರೂವನ್ನು ಚೀಲಕ್ಕೆ ಹಾಕಿ ಪಾಪಯ್ಯಣ್ಣನ ತೋಳು ಹಿಡಿದೆತ್ತಿದ.

ಹೊರಗೆ ಹೊಂಗೆಮರದ ಬುಡದಲ್ಲಿ ಕೂರಿಸಿದ, ಬಿಸಿಲಿಗೆ ಪಾಪಯ್ಯಣ್ಣ ಕಣ್ಣು ಬಿಡಲಾರ, ಔಷಧಿ ಇಳಿಯಲು ಸಂಜೆಯಾಗಬಹುದು, ಒಳ್ಳೆಯ ಕಣ್ಣಿನ ಮನುಷ್ಯನನ್ನು ಕುರುಡನಂತೆ ಕೈಹಿಡಿದು ನಡೆಸಿ ರಾಮಕ್ಕನ ಮುಂದೆ ನಿಲ್ಲಿಸಬೇಕು, ಏನಂದ್ರಪ್ಪ ಎನ್ನುತ್ತಾಳೆ, ಏನು ಹೇಳಲಿ. ಅಂಗಾರೆ ಕಣ್ಣಲ್ಲ ಕಣ್ಲಾ ಬೈರಾ, ಎನ್ನುತ್ತಿದ್ದಾನೆ ಪಾಪಯ್ಯಣ್ಣ, ಮೆಲ್ಲಗೆ, ಇದು ತಲೆ. ನಮ್ಮಪ್ಪಂಗೂ ಇಂಗೇ ಶುರುವಾಯ್ತು, ಕೊನೆಕೊನೇಗೆ ನನ್ನೇ ಯಾರು ಅಂತ ಕೇಳೋನು, ಕಂಡಿದ್ದು ಸರ್ಯಾಗೇ ಕಾಣ್ತದೆ, ಒಳೀಕೆ ಓಗೋವಾಗ ತಪ್ಪಾಯ್ತದೆ, ಇನ್ನು ಮಿಷಿನ್ ತಂಟೆ ಬ್ಯಾಡ, ಯಾರ ಕೈಯಾರ ಕತ್ತರ್ಸಿ ಓದಾತು. ಚಿಕ್ಕಬೈರಪ್ಪ ಅವನ ಪಕ್ಕಕ್ಕೇ ಕೂತ, ಈಗ ಹೇಳುತ್ತೇನೆ, ಹೇಳಿದರೆ ಕಾಲಿಗೆ ಬಿದ್ದಂತೆ, ಹೇಳದಿದ್ದರೆ ಈ ಮನುಷ್ಯ ತನ್ನ ತಲೆಯನ್ನೇ ನಂಬದೆ ಉಳಿದ ಆಯುಸ್ಸು ಕಳೆಯುತ್ತಾನೆ, ಕಣ್ಣು ಸರಿ, ಕೈ ಸರಿ, ತಲೆ ಸರಿ, ಎಲ್ಲ ಸರಿಯಿದ್ದೂ ಜಗಲಿಯ ಮೇಲೆ ಹೆದರಿಕೊಂಡು ಕೂರುತ್ತಾನೆ, ಹೇಳಬೇಕು, ಪಾಪಯ್ಯಣ್ಣಾ ಅಂದ, ಏನಪ್ಪ, ಅಣ್ಣಾ, ಆ ಗೇರು — ಗೇರಿನ ಸುದ್ದಿ ಎತ್ತಬ್ಯಾಡ ಕಣ್ಲಾ, ಪಾಪಯ್ಯಣ್ಣ ಕತ್ತಲಲ್ಲಿ ತಡಕಿದಂತೆ ತಡಕಿ ಅವನ ಮಂಡಿ ಹಿಡಿದುಕೊಂಡ, ನಿನ್ ಮನಸ್ಸಿನಾಗೆ ಏನೈತೆ ಅಂತ ನಂಗೊತ್ತು, ನನ್ನ ಉಳ್ಸಕ್ಕೆ ನೀನು ತಪ್ಪು ನಿನ್ ಮ್ಯಾಲೆ ಆಕ್ಕಳಕ್ಕೆ ಓಯ್ತಿದೀಯ, ಆವಲಪ್ಪನೂ ಕೇಳ್ದ, ಗೇರು ಸರಿ ಐತೇನೋ ಪಾಪಯ್ಯ ಅಂತ, ನಾನೇ ಯೋಳ್ದೆ, ಗೇರಿನ ಮ್ಯಾಲೆ ಅನುಮಾನ ಪಟ್ರೆ ಬಾಯಾಗೆ ಉಳ ಬೀಳ್ತದೆ, ಅದು ಬೈರ ಕೊರೆದಿದ್ದು ಅಂತ. ಒಂದು ಮಾತು ಯೋಳ್ತೀನಿ, ಯಾರ್ಗೂ ಯೋಳಿಲ್ಲ ನಾನು, ಮೊದಲ್ನೇ ಸ್ಕ್ರೂ ಆದಾಗ್ಲೇ ಸ್ಕೇಲ್ ಇಟ್ಟು ನೋಡಿದ್ದೆ ಕಣಪ್ಪ, ಉದ್ದಕ್ಕೆ ನೋಡ್ದಂಗೆ ಮರೆ ಅಳ್ತೆ ಒಂಚೂರು ಕಮ್ಮಿ ಕಾಣ್ತು, ಮತ್ತೆ ಇಟ್ಟೆ, ಮತ್ತೂ ಕಮ್ಮಿ ಕಾಣ್ತು, ಆಮ್ಯಾಕೆ ಗೇರಿನ ಮ್ಯಾಲೆ ನೋಡ್ದೆ, ನೂರಿಪ್ಪತ್ತೇಳು ಅಂತ ನೀನು ಒಡೆದಿದ್ದು ಅಲ್ಲೇ ಕಾಣ್ತಿತ್ತು, ಅಂಗಾರೆ ನನ್ ಕಣ್ಣೇ ಕೆಟ್ಟೈತೆ ಅಂದ್ಕಂಡು ಸ್ಕೇಲ್ ಎತ್ತಿಟ್ಟೆ. ಕೈಚೀಲದಿಂದ ಆ ಸ್ಕ್ರೂ ತೆಗೆದ, ಅತ್ತಿಬೆಲೆಯವರ ಆ ನಟ್ಟು ತೆಗೆದ, ಎರಡನ್ನೂ ಚಿಕ್ಕಬೈರಪ್ಪನ ಕೈಯಲ್ಲಿ ಇಟ್ಟ, ನೀನೇ ಒಂದ್ಸಲ ಏರ್ಸಿ ನೋಡಪ್ಪ, ನಂಗೀಗ ಕಾಣಾಕಿಲ್ಲ, ನಿನ್ ಕೈಗಾರ ಓದಾತು. ಏರಿಸಿದ. ಮೊದಲ ಸುತ್ತು ಸಲೀಸು, ಎರಡನೆಯದು ಸಲೀಸು, ಎಣ್ಣೆ ಇನ್ನೂ ಇದೆ, ಪಾಪಯ್ಯಣ್ಣ ಕೊರೆದ ಮರೆ ಕನ್ನಡಿಯ ಹಾಗಿದೆ, ಏರ್ತಾ ಐತಾ, ಏರ್ತಾ ಇದೆ ಅಣ್ಣ, ಪಾಪಯ್ಯಣ್ಣ ಮುಖ ಎತ್ತಿದ್ದಾನೆ, ನೀರು ತುಂಬಿದ ಕಣ್ಣನ್ನು ಬಿಸಿಲಿಗೆ ಅರ್ಧ ಬಿಟ್ಟಿದ್ದಾನೆ, ಕಾಣದಿದ್ದರೂ ಇವನನ್ನೇ ನೋಡುತ್ತಿದ್ದಾನೆ, ಮೂರನೆಯ ಸುತ್ತು, ಸ್ವಲ್ಪ ಬಿಗಿ, ಅಣ್ಣಾ ಆ ಗೇರಿನಲ್ಲಿ, ಇನ್ನೂ ಬಿಗಿ, ಅಣ್ಣಾ ಅದರಲ್ಲಿ ಒಂದು, ಬೆರಳು ಬೆಳ್ಳಗಾಗುತ್ತಿದೆ, ಒಂದು ಅಂದವನಿಗೆ ಮುಂದಿನದು ಬರುತ್ತಿಲ್ಲ, ಒಂದು, ಏನಪ್ಪ ಒಂದು, ಪಾಪಯ್ಯಣ್ಣ ಕಾಯುತ್ತಿದ್ದಾನೆ, ಒಂದು, ಹಿಡಿದ ಉಸಿರು, ಬಿಸಿಲು, ಅಂಗೈಯಲ್ಲಿ ನಟ್ಟು, ಅರ್ಧಕ್ಕೆ ನಿಂತಿದೆ.